ಮೇಲಿನ ಹಲಗೆಯಲ್ಲಿ ಕೂತವರು

“ಕದ್ದದ್ದೂ ನಾನೇ, ನಕಲು ನೇಯ್ದದ್ದೂ ನಾನೇ. ಬರ್ಕೊಳ್ಳಿ ಸಾರ್,” ಎಂದರು ಮೇಸ್ತ್ರಿ.

ಪತ್ತೇದಾರನಾದರೂ ನಾನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವುದು ಮರೆಯುವವರ ಕೆಲಸ. ನಾನು ತೊಟ್ಟಿಲಲ್ಲಿದ್ದಾಗ ಯಾರು ಯಾರು ಬಂದು ಗಲ್ಲ ಹಿಂಡಿ ಹೋದರೆಂಬುದೂ ನನಗೆ ನೆನಪಿದೆ. ಅವರಲ್ಲಿ ಇಬ್ಬರ ಮೇಲೆ ಇನ್ನೂ ಸಿಟ್ಟಿದೆ.

“ಯಾವಾಗ ನೇಯ್ದಿರಿ ಮೇಸ್ತ್ರಿ?”

“ಬೇಸಿಗೇಲಿ. ನೇಕಾರರಿಗೆಲ್ಲ ರಜ ಕೊಟ್ಟು ಈ ಕೋಣೆಗೆ ಬೀಗ ಹಾಕಿದ್ರಲ್ಲ, ಆಗ.”

“ಯಾರ ಜೊತೆ?”

“ಒಬ್ಬನೇ.”

ಗೋಡೆಯ ಮೇಲಿದ್ದ ಜರಿವಸ್ತ್ರ ನಕಲಿ ಎಂದು ಗೊತ್ತಾಗಿ, ಮೇಸ್ತ್ರಿಯ ಅಳಿಯ, ಅಂದರೆ ಈ ನೇಯ್ಗೆ ಮನೆಯ ಬಣ್ಣಗಾರ, ಠಾಣೆ ಸೇರಿದ್ದನ್ನು ಹಿಂದಿನ ಕಂತಿನಲ್ಲೇ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅದಕ್ಕೆ ಮುಂಚೆ ಇವತ್ತು ಸಂಜೆ ಇನ್ಸ್‌ಪೆಕ್ಟರು ಕೊನೆಯ ಸಲ ಇಲ್ಲಿಗೆ ಬರುವವರಿದ್ದರು. ಮೇಸ್ತ್ರಿಯ ಮಗಳು ಮೊನ್ನೆಯಿಂದ ಠಾಣೆಯ ಮುಂದಿನ ಬೆಂಚು ಬಿಟ್ಟು ಎದ್ದಿರಲಿಲ್ಲ.

ಕಳುವಾದದ್ದು ಎಂಥ ವಸ್ತ್ರ ಎಂದು ಹೇಳದೆ ಮುಂದೆ ಹೋಗುವುದು ಪಾಪ. ಅಗಲ ಒಂದು ಕಿಟಕಿಯಷ್ಟು. ರೇಷ್ಮೆಯ ಎಳೆಗೆ ಬೆಳ್ಳಿ ಸುತ್ತಿ, ಬೆಳ್ಳಿಗೆ ಚಿನ್ನ ಹಿಡಿಸಿದ ಜರಿ. ನಡುವೆ ಒಂದು ಹಕ್ಕಿ. ಆ ಹಕ್ಕಿಯನ್ನು ನೇಯ್ದದ್ದು ರೇಷ್ಮೆಯಲ್ಲಲ್ಲ, ನವಿಲುಗರಿಯ ಕೂದಲಿನಂಥ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಹೊಸೆದ ದಾರದಲ್ಲಿ. ಎಡಕ್ಕೆ ನಿಂತರೆ ಹಕ್ಕಿ ಹಸಿರು, ಬಲಕ್ಕೆ ನಿಂತರೆ ನೀಲಿ. ಎದುರಿಗೆ ನಿಂತರೆ, ನಮ್ಮ ಯೋಗ್ಯತೆಗೆ ತಕ್ಕ ಬಣ್ಣ. ನನಗೆ ಮಾತ್ರ ಬಂಗಾರದ ಬಣ್ಣವೇ ಕಾಣುತ್ತಿತ್ತೆಂದು ಅದರ ಫೋಟೋ ನೋಡಿಯೇ ಹೇಳಬಲ್ಲೆ.

ಆಶ್ಚರ್ಯವೆಂದರೆ ನಕಲಿಯೂ ಹಾಗೇ ಇತ್ತು. ಅದೇ ಚಿನ್ನ, ಅದೇ ನವಿಲುಗರಿ. ಒಂದು ಅಂಚಿನಲ್ಲಿ ಮಾತ್ರ, ಬಲ ಅಂಚಿನಲ್ಲಿ, ಅಲ್ಲಲ್ಲಿ ಎಳೆ ತಪ್ಪಿ ಸಣ್ಣ ಸಣ್ಣ ಹಲ್ಲು ಬಿದ್ದ ಹಾಗಿತ್ತು. ವಸ್ತುಸಂಗ್ರಹಾಲಯದಿಂದ ಬಂದ ಹೆಂಗಸು ಭೂತಗನ್ನಡಿ ಹಿಡಿದು ಅದನ್ನೇ ನೋಡಿ, “ಇದು ಅದಲ್ಲ,” ಎಂದದ್ದು. ನಕಲು ಮಾಡಲಿಕ್ಕೂ ಅಸಲಿ ಚಿನ್ನವನ್ನೇ ಬಳಸುವ ಮರ್ಯಾದಸ್ಥ ಕಳ್ಳನನ್ನು ನನ್ನ ಮೂವತ್ತು ಸಾವಿರ ಕೇಸುಗಳಲ್ಲಿ ನಾನು ಕಂಡಿಲ್ಲ.

“ಒಬ್ಬನೇ ಅಂದ್ರಲ್ಲ,” ಎಂದೆ. “ನನಗೋಸ್ಕರ ಒಂದು ಎಳೆ ನೇಯ್ದು ತೋರಿಸಿ.”

ಮೇಸ್ತ್ರಿ ದೊಡ್ಡಮಗ್ಗದ ಕಡೆ ನೋಡಿದರು. ಆಮೇಲೆ ನನ್ನ ಕಡೆ. ಆಮೇಲೆ ತಮ್ಮ ಮೊಣಕಾಲಿನ ಕಡೆ.

ಅದನ್ನು ಮಗ್ಗ ಎನ್ನುವುದು ಆನೆಯನ್ನು ಎಮ್ಮೆಕರು ಎಂದ ಹಾಗೆ. ಎರಡಂತಸ್ತಿನ ಮಗ್ಗ. ಕೆಳಗೆ ನೇಯುವವರ ಗುಂಡಿ. ತಲೆಯ ಮೇಲೆ, ಏಣಿ ಹತ್ತಿ ಹೋಗುವ ಎತ್ತರದಲ್ಲಿ, ಒಂದು ಅಡ್ಡಹಲಗೆ. ಅದರ ಮುಂದೆ ಜಡೆ ಬಿಚ್ಚಿದ ಹಾಗೆ ಇಳಿಬಿದ್ದ ನೂರಾರು ದಾರಗಳು. ಮೇಲೆ ಕೂತವರು ಚಿತ್ರಕ್ಕೆ ತಕ್ಕ ದಾರಗಳನ್ನು ಆರಿಸಿ ಎಳೆದು ಹಿಡಿಯಬೇಕು. ಹಿಡಿದಿರುವಷ್ಟು ಹೊತ್ತು ಕೆಳಗೆ ಹಾಸಿನ ಎಳೆಗಳು ಬಾಯಿ ತೆರೆದಿರುತ್ತವೆ. ಆ ಬಾಯೊಳಗೆ ಕೆಳಗಿನವರು ಲಾಳಿ ಹಾಯಿಸಬೇಕು. ಮೇಲಿನವರು ಬಿಟ್ಟರೆ ಬಾಯಿ ಮುಚ್ಚಿತು.

ಮೇಸ್ತ್ರಿ ಏಣಿ ಹತ್ತಿದರು. ದಾರ ಹಿಡಿದು ಎಳೆದರು. ಕೆಳಗೆ ಎಳೆಗಳು ಬಾಯಿ ತೆರೆದವು. ಹೆಗಲ ಮೇಲಿನ ಟವೆಲು ತೆಗೆದು, ದಾರದ ಕಟ್ಟನ್ನು ಹಲಗೆಗೆ ಬಿಗಿದು, ಅಳಿಲಿನ ಹಾಗೆ ಇಳಿದು ಬಂದರು. ಅವರ ಪಾದ ನೆಲ ಮುಟ್ಟುವ ಮೊದಲೇ ಗಂಟು ಜಾರಿತು. ರೇಷ್ಮೆ ದಾರ, ಯಾರ ಟವೆಲಿಗೂ ಹೆದರುವುದಿಲ್ಲ. ಬಾಯಿ ಮುಚ್ಚಿತು.

ಮತ್ತೆ ಹತ್ತಿದರು. ಈ ಸಲ ದಾರಗಳನ್ನು ಹಲ್ಲಲ್ಲಿ ಕಚ್ಚಿಕೊಂಡು ಇಳಿಯಲು ನೋಡಿದರು.

“ಮೇಸ್ತ್ರಿ, ಇಳೀರಿ. ಹಲ್ಲು ಹೋದ್ರೆ ಆ ಕೇಸೂ ನನ್ನ ತಲೆಗೇ ಬರುತ್ತೆ.”

ಏಣಿಯ ಬುಡದಲ್ಲಿ ಕೂತು ಅವರು ಏದುಸಿರು ಬಿಟ್ಟರು. “ಸರಿ. ಒಬ್ಬನೇ ಅಲ್ಲ. ನಮ್ಮವಳು ಮೇಲೆ ಕೂತಿದ್ಲು.”

ಹೊರಗೆ ಜಗಲಿಯ ಮೇಲೆ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿಗೆ ಅದು ಕೇಳಿಸಿತು. ಜೀವಮಾನವೆಲ್ಲ ಆ ಹಲಗೆಯ ಮೇಲೆ ಕೂತದ್ದಕ್ಕೆ ಆಕೆಗೆ ಮೇಲಿನಮ್ಮ ಎಂದೇ ಹೆಸರು.

“ನನ್ನ ಮಂಡಿ ಮುರಿದು ಎರಡು ವರ್ಷ ಆಯ್ತು,” ಎಂದು ಅಲ್ಲಿಂದಲೇ ಕೂಗಿದರು. “ಬಚ್ಚಲಿಗೆ ಹೋಗೋಕೇ ಕೋಲು ಬೇಕು. ಇವರು ನನ್ನನ್ನ ಆಕಾಶಕ್ಕೆ ಹತ್ತಿಸ್ತಿದಾರೆ. ಸುಳ್ಳು ಹೇಳೋದಾದ್ರೂ ಹೆಂಡತೀನ ಒಂದು ಮಾತು ಕೇಳಿ ಹೇಳಬಾರದಾ?”

ರಾಟೆಯ ಸದ್ದು ಮತ್ತೆ ಶುರುವಾಯಿತು.

ಮೇಸ್ತ್ರಿ ತಲೆ ತಗ್ಗಿಸಿದರು. ಅಳಿಯನ ಮುಖ ಕಂಡರೆ ಆಗದ ಮಾವ ಇವರು. ಅವನನ್ನು ಒಂದು ದಿನವೂ ಪ್ರೀತಿಯಿಂದ ಕರೆದವರಲ್ಲ, ‘ಆ ನೀಲಿ ಕೈಯವನು’ ಎನ್ನುವುದೇ ರೂಢಿ. ಈಗ ಅವನಿಗಾಗಿ ಜೈಲಿಗೆ ಹೋಗಲು ಏಣಿ ಹತ್ತಿ ಇಳಿಯುತ್ತಿದ್ದರು.

ಇಲ್ಲಿ ನನ್ನ ಒಂದು ವಿದ್ಯೆಯ ವಿಷಯ ಹೇಳಲೇಬೇಕು. ತಪ್ಪಿಗೆ ವಾಸನೆ ಇದೆ. ತುಂಬ ದಿನ ತೆಗೆಯದ ಟ್ರಂಕಿನ ವಾಸನೆ. ಅದು ನನ್ನ ಮೂಗಿಗೆ ಮಾತ್ರ ಬರುತ್ತದೆ, ಮೂರು ಬೀದಿ ಆಚೆಯಿಂದಲೂ ಬರುತ್ತದೆ. ಈ ಮನೆಯಂತೂ ಮೊದಲ ದಿನದಿಂದ ಗಮ್ಮೆನ್ನುತ್ತಿತ್ತು. ಮೇಸ್ತ್ರಿ ಅನ್ನ ಕಲಸಿ ಹಾಗೇ ಏಳುತ್ತಿದ್ದರು. ನೇಯ್ಗೆ ಮನೆಯ ಯಜಮಾನತಿ ಯಾರೂ ಕೇಳದಿದ್ದರೂ, “ನಾನು ಆ ಕಡೆ ಹೋಗೇ ಇಲ್ಲ,” ಎನ್ನುತ್ತಿದ್ದರು.

ಆ ವಾಸನೆ ಇಲ್ಲದವನು ಒಬ್ಬನೇ, ಲಾಕಪ್ಪಿನಲ್ಲಿದ್ದ ಅಳಿಯ. ಬೆಳಿಗ್ಗೆ ನೋಡಲು ಹೋದಾಗ ತಲೆಯ ಕೆಳಗೆ ಕೈ ಇಟ್ಟು ಮಲಗಿ ಹಾಡಿಕೊಳ್ಳುತ್ತಿದ್ದ. ನಕಲಿ ವಸ್ತ್ರದ ರೇಷ್ಮೆಗೆ ಬಣ್ಣ ಹಾಕಿದ್ದು ಅವನೇ. ಉಳಿದ ನೂಲಿನ ಲಡಿ ಅವನ ಬಣ್ಣದ ಮನೆಯಲ್ಲೇ ಸಿಕ್ಕಿತ್ತು. ಯಾರು ಹಾಕಿಸಿದರು ಎಂದರೆ ಬಾಯಿ ಬಿಡಲೊಲ್ಲ.

“ನಿನ್ನ ಮಾವನಾ?” ಎಂದು ಕೇಳಿದ್ದೆ.

“ನೀಲಿ ತೊಟ್ಟಿಯಿಂದ ಎತ್ತಿದಾಗ ನೂಲು ಹಸಿರಾಗಿರುತ್ತೆ ಸಾರ್,” ಎಂದು ನಕ್ಕಿದ್ದ. “ಗಾಳಿ ಕುಡಿದ ಮೇಲೆ ನೀಲಿ ಆಗೋದು. ನಮ್ಮ ಮಾವನೂ ಅದೇ ಜಾತಿ. ಸ್ವಲ್ಪ ಹೊರಗೆ ಬಂದು ಗಾಳಿ ಕುಡೀಲಿ, ಆಮೇಲೆ ನಿಜವಾದ ಬಣ್ಣ ನೋಡಿ.”

ಮಾವನಿಗೆ ಆ ಗಾಳಿ ಈಗ ತಾಗಿತ್ತು. ಆದರೆ ಅರ್ಧ ಬಣ್ಣ ಇನ್ನೂ ಬಾಕಿ.

“ಮೇಲೆ ಕೂತವರು ಯಾರು ಮೇಸ್ತ್ರಿ?”

“ಹೇಳಿದ್ನಲ್ಲ ಸಾರ್, ನಾನೇ ಎಲ್ಲಾ.”

“ಹಾಗಾದ್ರೆ ನಾನೇ ಹತ್ತಿ ಕೇಳ್ತೀನಿ.”

ನಾನು ಏಣಿ ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಏಣಿಯೇ ನನ್ನ ಕೆಳಗೆ ಇಳಿದು ಹೋಯಿತು ಎನ್ನಬೇಕು, ಅಷ್ಟು ಚುರುಕು. ಮೇಲಿನ ತೊಲೆಗೆ ನನ್ನ ತಲೆ ಬಡಿದದ್ದು ನಿಜ. ತೊಲೆ ಇನ್ನೂ ಚೇತರಿಸಿಕೊಂಡಿಲ್ಲ.

ಹಲಗೆಯ ಎರಡು ತುದಿಯಲ್ಲೂ ದಪ್ಪ ಧೂಳು. ನಡುವೆ ಮಾತ್ರ ನುಣ್ಣಗೆ ಒರೆಸಿಟ್ಟ ಹಾಗೆ. ಒಬ್ಬರು ತಿಂಗಳುಗಟ್ಟಲೆ ಕೂತೆದ್ದ ಗುರುತು. ನಾನು ಅಲ್ಲೇ ಕೂತು ದಾರಗಳನ್ನು ನೋಡಿದೆ. ದಾರಗಳ ಮೇಲೂ ಧೂಳು. ಕೈ ಆಡಿದ ಕಡೆ ಮಾತ್ರ ಮಿರುಗು. ಎಡಗಡೆಯಿಂದ ನಡುವಿನವರೆಗೆ ಆ ಮಿರುಗು ನನ್ನ ಹಣೆಯ ಮಟ್ಟದಲ್ಲಿ ಒಂದೇ ಸಾಲಾಗಿ ಬಂದಿತ್ತು. ಬಲಗಡೆ ಬರುತ್ತಿದ್ದ ಹಾಗೆ ಸಾಲು ಜಾರುತ್ತ, ಜಾರುತ್ತ, ಎದೆಯ ಮಟ್ಟಕ್ಕೆ ಇಳಿದಿತ್ತು.

ಬಲತುದಿಯ ದಾರಗಳನ್ನು ಎದೆಯ ಮಟ್ಟದಲ್ಲಿ ಹಿಡಿದು ಎಳೆದೆ. ಕೆಳಗೆ ಆ ಅಂಚಿನಲ್ಲಿ ಎಳೆಗಳು ಅರ್ಧ ಎದ್ದವು, ಅರ್ಧ ಏಳಲಿಲ್ಲ. ಈಗ ಲಾಳಿ ಹಾಯಿಸಿದರೆ ಆ ಅಂಚಿನಲ್ಲಿ ಹಲ್ಲು ಬೀಳುತ್ತದೆ. ಭೂತಗನ್ನಡಿಯ ಹೆಂಗಸು ಕಂಡ ಹಲ್ಲು.

ಬಾಗಿಲಲ್ಲಿ ಯಜಮಾನತಿ ಬಂದು ನಿಂತಿದ್ದರು. ನನ್ನನ್ನು ಈ ಕೇಸಿಗೆ ಕರೆಸಿದವರು, ಈ ನೇಯ್ಗೆ ಮನೆಯ ಒಡತಿ. ನಡುವಯಸ್ಸು, ಬಿಗಿದ ತುಟಿ. ಇದೇ ಕೋಣೆಯ ಬೀಗದ ಕೈ ಬಾಗಿಲ ಮೇಲಿನ ಮೊಳೆಯಲ್ಲಿರುತ್ತದೆ. ಅರ್ಧ ಗಂಟೆಯ ಹಿಂದೆ, “ನೀವೇ ತೆಗೀರಿ. ನಿಮ್ಮಷ್ಟು ಎತ್ತರದವರು ಈ ಬೀದೀಲೇ ಇಲ್ಲ,” ಎಂದಿದ್ದರು. ಸತ್ಯಕ್ಕೆ ನಾನು ತಲೆಬಾಗುವವನು. ಬಾಗದಿದ್ದರೆ ಬಾಗಿಲು ತಾಗುತ್ತಿತ್ತು.

ಮೇಲಿನಿಂದಲೇ ಹೇಳಿದೆ, “ನಕಲಿ ನೇಯುವಾಗ ಈ ಹಲಗೆ ಮೇಲೆ ಕೂತವರಿಗೆ ಕೆಲಸ ಚೆನ್ನಾಗಿ ಗೊತ್ತು. ಒಂದು ದಾರ ತಪ್ಪಿ ಹಿಡಿದಿಲ್ಲ. ಆದ್ರೆ ಅವರ ಬಲಗೈ ಹೆಗಲಿಂದ ಮೇಲೆ ಏಳಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆ ಕಟ್ಟಿದವರು ಯಾರೋ, ನನ್ನ ಹಾಗೆ ಅವರೂ ಎತ್ತರದಲ್ಲಿ ಕೂತು ನೋಡಿರಬೇಕು. ಯಜಮಾನತಿಯ ಎಡಗೈ ತಾನಾಗಿಯೇ ಎದ್ದು ಬಲ ಹೆಗಲಿನ ಮೇಲೆ ಕೂತಿತು.

“ಸುಮ್ನೆ ಇರು ಮಗಾ,” ಎಂದರು ಮೇಸ್ತ್ರಿ. ಆಕೆ ಇನ್ನೂ ಏನೂ ಹೇಳಿರಲಿಲ್ಲ. ನಾಲ್ಕು ಜನರ ಮುಂದೆ ‘ಅಮ್ಮಾವ್ರೇ’ ಬಿಟ್ಟು ಬೇರೆ ಮಾತು ಆಡದವರ ಬಾಯಲ್ಲಿ ಈಗ ಮಗಾ.

“ಎಷ್ಟು ದಿನ ಸುಮ್ನೆ ಇರೋದು ಚಿಕ್ಕಪ್ಪ?”

ಆಕೆ ಒಳಗೆ ಬಂದು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತರು. ನಾನು ಇಳಿದು ಬಂದೆ. ಕೆಲವು ಮಾತುಗಳನ್ನು ಮೇಲೆ ಕೂತು ಕೇಳಬಾರದು.

“ಈ ಹಲಗೆಯಿಂದಲೇ ಬಿದ್ದದ್ದು,” ಎಂದು ಹೆಗಲು ತೋರಿಸಿದರು. “ಸಣ್ಣವಳಿದ್ದಾಗ. ಮೇಲಿನಮ್ಮ ದಾರ ಹಿಡಿಯೋದು ಕಲಿಸ್ತಿದ್ರು. ಬಿದ್ದ ಮೇಲೂ ಹಟ ಮಾಡಿ ಕಲಿತೆ.”

“ಅಸಲಿ ವಸ್ತ್ರ?”

“ಅದನ್ನ ನೇಯ್ದದ್ದು ನಮ್ಮಪ್ಪ, ನಮ್ಮಮ್ಮ. ಅಪ್ಪ ಕೆಳಗೆ, ಅಮ್ಮ ಮೇಲೆ. ಅದನ್ನ ನೇಯೋವಾಗ ಅವರಿಬ್ಬರಿಗೂ ಮಾತು ಬಿಟ್ಟಿತ್ತಂತೆ. ಆದ್ರೂ ಒಂದು ಎಳೆ ತಪ್ಪಿಲ್ಲ. ವಸ್ತುಸಂಗ್ರಹಾಲಯದವರು ಬಂದು ಕೇಳಿದ್ರು. ಕೊಡ್ತೀನಿ ಅಂದೆ. ಗಾಜಿನೊಳಗೆ ಇಡ್ತಾರಂತೆ, ಕೆಳಗೆ ಅಪ್ಪ ಅಮ್ಮನ ಹೆಸರು ಬರೀತಾರಂತೆ. ಕಳಿಸೋ ಮುಂಚೆ ಒಂದು ದಿನ ಗೋಡೆಯಿಂದ ಇಳಿಸಿ ನೋಡ್ದೆ. ಜರಿ ಮಂಕಾಗಿತ್ತು. ನಾಲ್ಕು ಜನ ನೋಡೋ ಕಡೆ ಮಂಕಾಗಿ ಹೋಗಬಾರದು ಅನ್ನಿಸ್ತು.”

“ಅದಕ್ಕೆ?”

“ಹುಣಸೆಹಣ್ಣು ಹಾಕಿ ಉಜ್ಜಿದೆ.”

ನನ್ನ ಮೂವತ್ತು ಸಾವಿರ ಕೇಸುಗಳಲ್ಲಿ ಕೊಲೆಗಳೂ ಇದ್ದವು. ಯಾವ ಕೊಲೆಗಾರನೂ ಇಷ್ಟು ಮೆಲ್ಲಗೆ ಒಪ್ಪಿಕೊಂಡದ್ದಿಲ್ಲ.

“ತಾಮ್ರದ ಕೊಳಗ ಉಜ್ಜಿದ ಹಾಗೆ ಉಜ್ಜಿದೆ,” ಎಂದರು. “ಮೊದಲು ಹೊಳೀತು. ಆಮೇಲೆ ಚಿನ್ನ ನನ್ನ ಬೆರಳಿಗೆ ಬಂತು. ಹೆದರಿ ಇನ್ನೂ ಉಜ್ಜಿದೆ. ಹಕ್ಕಿ ಕತ್ತು ಪೂರ್ತಿ ಕಿತ್ತು ಹೋಯ್ತು. ಇದೇ ಕೈ. ಅಮ್ಮ ದಾರ ಹಿಡಿದ ಕೈಗೆ ಹುಟ್ಟಿದ ಕೈ.”

ಮೇಸ್ತ್ರಿ ಬೇರೆ ಕಡೆ ನೋಡುತ್ತ ಹೇಳಿದರು, “ನಾನೇ ಹೇಳ್ದೆ ಸಾರ್, ಇನ್ನೊಂದು ನೇಯೋಣ ಅಂತ. ಅವರಪ್ಪನ ಕೈ ಕೆಳಗೆ ಕಲಿತವನು ನಾನು. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಬಣ್ಣ ಹಾಕಪ್ಪಾ ಅಂತ ಅವನಿಗೆ ಲಡಿ ಕೊಟ್ಟೆ. ಯಾಕೆ ಅಂತ ಅವನು ಕೇಳಲಿಲ್ಲ. ಮೊದಲನೇ ಸಲ ಮಾವ ಬಾಯಿಬಿಟ್ಟು ಒಂದು ಕೆಲಸ ಹೇಳಿದಾರೆ ಅಂತ ಖುಷಿಯಾಗಿ ಹಾಕ್ದ.”

“ಆ ಹೆಂಗಸು ನಕಲಿ ಅಂದ ತಕ್ಷಣ ನನ್ನ ಬಾಯಿಂದ ‘ಕಳುವಾಗಿದೆ’ ಅಂತ ಬಂದುಬಿಡ್ತು,” ಎಂದರು ಯಜಮಾನತಿ. “ಒಂದು ಸುಳ್ಳು. ಅದು ಹೋಗಿ ಪೊಲೀಸರನ್ನ ಕರ್ಕೊಂಡು ಬಂತು. ಪೊಲೀಸರು ಅವನನ್ನ ಕರ್ಕೊಂಡು ಹೋದ್ರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ಜೀಪು ಹತ್ತೋವಾಗ ನನಗೇ ಸಮಾಧಾನ ಹೇಳಿ ಹೋದ. ಅಕ್ಕಾ, ಹುಷಾರು ಅಂತ.”

ರಾಟೆ ಹೊರಗೆ ತಿರುಗುತ್ತಲೇ ಇತ್ತು.

“ಅದಿರಲಿ,” ಎಂದೆ. ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. “ನೀವೇ ಮಾಡಿದ್ದು ಅಂದ ಮೇಲೆ ನನ್ನಂಥವನನ್ನ ಯಾಕೆ ಕರೆಸಿದ್ರಿ? ಸಿಕ್ಕಿಬೀಳ್ತೀವಿ ಅಂತ ಭಯ ಆಗಲಿಲ್ವಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಕೊಟ್ಟದ್ದು ಜಗಲಿ.

“ಪತ್ತೇದಾರನ್ನ ಇಡದಿದ್ರೆ ಅನುಮಾನ ಬರುತ್ತೆ ಅಂದ್ರು,” ಎಂದರು ಮೇಲಿನಮ್ಮ. “ಏನೂ ಪತ್ತೆ ಮಾಡದವರು ಯಾರಾದ್ರೂ ಇದಾರಾ ಅಂತ ಊರೆಲ್ಲ ವಿಚಾರಿಸಿದ್ರು. ಎಲ್ಲರೂ ನಿಮ್ಮ ಹೆಸರನ್ನೇ ಹೇಳಿದ್ರಪ್ಪ.”

ಅಸೂಯೆ ಎಂಬುದು ಈ ಊರಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನಾನು ಬೆರಗಾದೆ.

“ಈಗ ಕೇಸು ಮುಗೀತು,” ಎಂದು ಎದ್ದೆ. “ಕೆಟ್ಟುಹೋದ ಅಸಲಿ ಎಲ್ಲಿದೆಯೋ ಅದನ್ನ ತನ್ನಿ. ಇನ್ಸ್‌ಪೆಕ್ಟರ್ ಕಣ್ಣೆದುರಿಗೆ ಹರಡೋಣ. ಮಾಲು ಮನೇಲೇ ಇದೆ ಅಂದ ಮೇಲೆ ಕಳ್ಳತನ ಎಲ್ಲಿ ಬಂತು? ಅಳಿಯ ರಾತ್ರಿ ಊಟಕ್ಕೆ ಮನೇಲಿರ್ತಾನೆ.”

ಯಜಮಾನತಿಯ ಮುಖದಲ್ಲಿ ಅಂಜಿಕೆ ಮತ್ತು ಬಿಡುಗಡೆ ಒಟ್ಟಿಗೇ ಬಂದವು. “ಎಲ್ಲರಿಗೂ ಗೊತ್ತಾಗುತ್ತೆ. ಅಪ್ಪ ಅಮ್ಮನ ಕೆಲಸಾನ ಮಗಳೇ ಹುಣಸೆಹಣ್ಣಲ್ಲಿ ತೊಳೆದಳು ಅಂತ.”

“ಗೊತ್ತಾಗುತ್ತೆ.”

“ಆಗಲಿ,” ಎಂದು ಎದ್ದರು. “ಬನ್ನಿ.”

ಮನೆಯ ಹಿಂದೆ ಅವರಪ್ಪ ಮಲಗುತ್ತಿದ್ದ ಕೋಣೆ. ಅದರ ಹಿಂಬಾಗಿಲು ಬಣ್ಣದ ಅಂಗಳಕ್ಕೆ ತೆರೆಯುತ್ತದೆ. ಅಂಗಳದ ಆ ಬದಿಗೆ ಅಳಿಯನ ಬಣ್ಣದ ಮನೆ. ಮೊನ್ನೆಯಿಂದ ಅದಕ್ಕೆ ಪೊಲೀಸರ ಬೀಗ. ಕೋಣೆಯೊಳಗೆ ಮಂಚ, ಮಂಚದ ಕೆಳಗೆ ಉದ್ದನೆಯ ಮರದ ಪೆಟ್ಟಿಗೆ. ಬೀಗವಿಲ್ಲ.

“ಅಪ್ಪನ ಪೆಟ್ಟಿಗೆ ಯಾರೂ ಮುಟ್ಟಲ್ಲ,” ಎಂದರು. “ಬೇಸಿಗೇಲಿ ಬಿಳೀ ಬಟ್ಟೇಲಿ ಸುತ್ತಿ ಇಟ್ಟವಳು ನಾನು, ಮತ್ತೆ ತೆಗೆದು ನೋಡೋ ಧೈರ್ಯ ಬರಲಿಲ್ಲ. ಗೊತ್ತಿರೋದು ನನಗೆ, ಚಿಕ್ಕಪ್ಪಂಗೆ.”

ನಾನು, ಮೇಸ್ತ್ರಿ ಸೇರಿ ಪೆಟ್ಟಿಗೆಯನ್ನು ಹೊರಗೆಳೆದೆವು. ನಾನೇ ಮುಚ್ಚಳ ಎತ್ತಿದೆ.

ಒಳಗೆ ಬಿಳಿ ಬಟ್ಟೆ ಮಾತ್ರ ಇತ್ತು. ಸುತ್ತಿದ ಹಾಗಲ್ಲ, ಬಿಚ್ಚಿ ಎಸೆದ ಹಾಗೆ.

ಯಜಮಾನತಿ ನಮ್ಮ ಹಿಂದಿನಿಂದ ಬಗ್ಗಿ ನೋಡಿದರು. ಮಂಚದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು. ಹಾಗಾಗಿ ನಾವು ಕಂಡದ್ದನ್ನು ಅವರು ಕಾಣಲಿಲ್ಲ.

ಬಟ್ಟೆಯ ಮೂಲೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಪಾಚಿಯಂಥ ಹಸಿರು. ಬಣ್ಣದ ಕೈ.

ಈ ಮನೆಯಲ್ಲಿ ಬಣ್ಣದ ಕೈ ಇರುವುದು ಒಬ್ಬನಿಗೆ. ಮಾವ ಕೊಟ್ಟ ಲಡಿಗೆ ಬಣ್ಣ ಹಾಕಿದವನಿಗೆ, ಯಾಕೆ ಎಂದು ಬಾಯಿಬಿಟ್ಟು ಕೇಳದೆ ಕಣ್ಣಿಟ್ಟು ನೋಡಿರಬಹುದಾದವನಿಗೆ, ಜರಿ ಸುಟ್ಟರೆ ಚಿನ್ನ ಉಳಿಯುತ್ತದೆಂದು ಬಲ್ಲವನಿಗೆ. ನನ್ನ ಮೂಗಿಗೆ ವಾಸನೆಯೇ ಬಾರದಿದ್ದವನಿಗೆ.

ಮೇಸ್ತ್ರಿ ನನ್ನ ಮುಖ ನೋಡಿದರು. ಅವರ ಕಣ್ಣು ನನಗೆ ಕೈ ಮುಗಿಯಿತು.

ಹೊರಗೆ ಜೀಪು ನಿಂತ ಸದ್ದು.

ಆಗ ನಾನು ಮಾಡಿದ್ದನ್ನು ಮಾಡಬಾರದಿತ್ತು. ಬಟ್ಟೆಯ ಅಂಚು ಹಿಡಿದು, ಗುರುತು ಒಳಗಾಗುವ ಹಾಗೆ ಮಡಿಸಿ, ಇನ್ನೊಮ್ಮೆ ಮಡಿಸಿ, ಹೆಗಲ ಚೀಲದೊಳಗೆ ತುರುಕಿದೆ. ಪೆಟ್ಟಿಗೆಯ ತಳ ಬರಿದಾಯಿತು.

ಇನ್ಸ್‌ಪೆಕ್ಟರು ಬಂದರು. ಯಜಮಾನತಿ ಎದ್ದು ನಿಂತು, ಹುಣಸೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಹೇಳಿದರು, ತಡವರಿಸದೆ. ಮೇಸ್ತ್ರಿ ಹೌದು ಹೌದು ಎಂದರು. ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಮಾವನೂ ಒಪ್ಕೊಂಡ್ರು, ನೀವೂ ಒಪ್ಕೊಂಡ್ರಿ. ಇನ್ನು ಈ ಮನೇಲಿ ಬೆಕ್ಕೊಂದು ಒಪ್ಕೋಬೇಕು ಅಷ್ಟೇ. ಸರಿ ಅಮ್ಮ, ನೀವು ಕೆಡಿಸಿದ ವಸ್ತ್ರ ಎಲ್ಲಿ?”

“ಇಲ್ಲೇ ಇಟ್ಟಿದ್ದೆ.”

“ಇಲ್ಲ,” ಎಂದರು ಇನ್ಸ್‌ಪೆಕ್ಟರು ಪೆಟ್ಟಿಗೆಯೊಳಗೆ ನೋಡಿ.

“ಇಲ್ಲ,” ಎಂದು ಆಕೆಯೂ ಹೇಳಿದರು.

“ಮನೆ ಹುಡುಗನನ್ನ ಬಿಡಿಸೋಕೆ ಹೇಳ್ತಿದೀರ. ನಿಮ್ಮ ಒಳ್ಳೇತನ ನನಗೆ ಅರ್ಥ ಆಗುತ್ತೆ, ಕೋರ್ಟಿಗೆ ಆಗಲ್ಲ.” ನನ್ನ ಕಡೆ ತಿರುಗಿದರು. “ಏನ್ರೀ ಪತ್ತೇದಾರರೇ, ಪೆಟ್ಟಿಗೇಲಿ ಏನಾದ್ರೂ ಸಿಕ್ತಾ?”

ಓದುಗರೇ, ನಾನು ಬಾವಿಯಲ್ಲಿ ಬಿದ್ದ ಸೂಜಿಯನ್ನು ಮೇಲಿನಿಂದಲೇ ಪತ್ತೆ ಮಾಡಿದವನು. ಸಿಗದೇ ಇದ್ದದ್ದನ್ನೂ ಸಿಕ್ಕಿದೆ ಎಂದು ಹೇಳಿ ಬದುಕಿದವನು.

“ಏನೂ ಇಲ್ಲ,” ಎಂದೆ.

ನನ್ನ ಕೈ ನನಗೆ ಗೊತ್ತಿಲ್ಲದೆಯೇ ಎದ್ದು, ಹೆಗಲ ಮೇಲಿದ್ದ ಚೀಲದ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಿತು.

ಇನ್ಸ್‌ಪೆಕ್ಟರು ಅದನ್ನು ನೋಡಲಿಲ್ಲ. ಮೇಸ್ತ್ರಿ ನೋಡಿದರು.

“ಹಾಗಾದ್ರೆ ನಾಳೆ ಬೆಳಿಗ್ಗೆ ಕೋರ್ಟು,” ಎಂದು ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡರು. ನಾವೆಲ್ಲ ಅವರ ಹಿಂದೆಯೇ ಮುಂಬಾಗಿಲಿಗೆ ಬಂದೆವು. ಜೀಪು ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು.

ನನ್ನ ಮೂಗಿಗೆ ಆ ವಾಸನೆ ಬಂತು. ಮುಚ್ಚಿಟ್ಟ ಟ್ರಂಕಿನದು. ಸುತ್ತ ನೋಡಿದೆ. ಬಹಳ ಹತ್ತಿರದಿಂದ ಬರುತ್ತಿತ್ತು, ನನ್ನ ಅಂಗಿಯೊಳಗಿನಿಂದ.

ಹಣೆಯ ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕಾಗಿ ಚೀಲಕ್ಕೆ ಕೈ ಹಾಕಿದೆ. ಕೈಗೆ ಮೊದಲು ಸಿಕ್ಕದ್ದು ಆ ಬಟ್ಟೆ. ಒದ್ದೆಯಾಗಿತ್ತು.

ಕೈ ಹೊರಗೆ ತೆಗೆದೆ. ಬೆರಳ ತುದಿಗಳು ಹಸಿರಾಗಿದ್ದವು. ನಾನು ನೋಡುತ್ತಿದ್ದ ಹಾಗೆ, ಸಂಜೆಯ ಬಿಸಿಲಿನಲ್ಲಿ, ಗಾಳಿ ತಾಗಿ, ಹಸಿರು ಕಪ್ಪಿಟ್ಟು, ಅಂಚಿನಿಂದ ಒಳಕ್ಕೆ ನೀಲಿ ಆಗತೊಡಗಿತು.

ತೊಟ್ಟಿಯಿಂದ ಎತ್ತಿದಾಗ ಹಸಿರು, ಗಾಳಿ ಕುಡಿದ ಮೇಲೆ ನೀಲಿ. ಲಾಕಪ್ಪಿನ ಕಂಬಿಯ ಹಿಂದೆ ನಕ್ಕ ಮುಖ ನೆನಪಾಯಿತು.

ಮೊನ್ನೆಯಿಂದ ಕಂಬಿಯ ಹಿಂದೆ ಇರುವವನ ಹೆಬ್ಬೆಟ್ಟು ಇವತ್ತು ಹಸಿರಾಗಿ ಹೇಗಿರುತ್ತದೆ? ನಾವು ಮಗ್ಗದ ಕೋಣೆಯಲ್ಲಿ ಏಣಿ ಹತ್ತಿ ಇಳಿಯುತ್ತಿದ್ದಾಗ ಯಾರೋ ಆ ಪೆಟ್ಟಿಗೆಯನ್ನು ತೆರೆದಿದ್ದರು. ಅಳಿಯನನ್ನು ಬಿಡಿಸಬಲ್ಲ ಸಾಕ್ಷಿ ಇದ್ದದ್ದು ಅದೊಂದೇ. ಅದನ್ನು ಅವನಿಗಾಗಿಯೇ ನಾನು ಬಚ್ಚಿಟ್ಟಿದ್ದೆ.

ಚೀಲದಿಂದ ಬಟ್ಟೆ ಎಳೆದು ಬಿಚ್ಚಿದೆ. ಮಡಿಕೆಯೊಳಗೆ ಹೆಬ್ಬೆಟ್ಟಿನ ಗೆರೆಗಳು ಕಲಸಿಹೋಗಿದ್ದವು. ಉಳಿದದ್ದು ಒಂದು ನೀಲಿ ಮಚ್ಚೆ, ಮತ್ತು ಅದರ ಜೋಡಿಯಾಗಿ ನನ್ನ ಐದು ಬೆರಳು.

“ಏನ್ ಸಾರ್ ಅದು?” ಎಂದರು ಮೇಸ್ತ್ರಿ.

ನಾನು ಎಲ್ಲರನ್ನೂ ಒಂದು ಸುತ್ತು ನೋಡಿದೆ. ಮೇಸ್ತ್ರಿ ನನ್ನ ಪಕ್ಕದಲ್ಲಿದ್ದರು. ಯಜಮಾನತಿ ಕಂಬಕ್ಕೆ ಒರಗಿದ್ದರು. ಮೇಲಿನಮ್ಮ ಮಂಡಿ ಚಾಚಿ ರಾಟೆಯ ಮುಂದೆ ಕೂತಿದ್ದರು, ಮಧ್ಯಾಹ್ನದಿಂದ ಆ ರಾಟೆ ಒಂದು ಗಳಿಗೆಯ ಮೇಲೆ ನಿಂತದ್ದಿಲ್ಲ. ಮಗಳು ಠಾಣೆಯ ಬೆಂಚಿನಲ್ಲಿ, ಅಳಿಯ ಕಂಬಿಯ ಹಿಂದೆ. ಈ ಮನೆಯವರು ಎನ್ನಬಹುದಾದವರು ಅಷ್ಟೇ.

“ರಾಟೆ ನಿಲ್ಲಿಸಿ ಅಮ್ಮ,” ಎಂದೆ.

ನಿಲ್ಲಿಸಿದರು.

ಮನೆಯ ಹಿಂದಿನಿಂದ, ಅಂಗಳದ ಆ ಬದಿಯಿಂದ, ನೀರಿನ ಸದ್ದು ಬಂತು. ಪೊಲೀಸರ ಬೀಗ ಬಿದ್ದ ಬಣ್ಣದ ಮನೆಯ ಒಳಗೆ ಯಾರೋ ನಲ್ಲಿ ತಿರುಗಿಸಿ, ನಿಧಾನವಾಗಿ ಕೈ ತೊಳೆಯುತ್ತಿದ್ದರು.